ಎರಡು ತಲೆ, ಒಂದೇ ಹೊಟ್ಟೆ



ಈ ಪತ್ರಿಕೆಗೆ ನಾನು ಇದುವರೆಗೆ ಬರೆದದ್ದು ಎರಡೇ ಸಲ. ಒಮ್ಮೆ ಹಲಸಿನ ಹಪ್ಪಳದ ಬಗ್ಗೆ, ಇನ್ನೊಮ್ಮೆ ಕಾಶಿಯಾತ್ರೆಯ ಬಗ್ಗೆ. ಎರಡೂ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯಗಳು. ಈ ಸಲ ರಾಜ್ಯೋತ್ಸವದ ಸಂಚಿಕೆಗೆ ಬರೆಯಲು ಹೊರಟಿರುವುದು ಐವತ್ತು ವರ್ಷ ಕಣ್ಣೆದುರಿಗೇ ಇದ್ದರೂ ನಾನು ಸರಿಯಾಗಿ ನೋಡದೇ ಇದ್ದ ಒಂದು ಹಕ್ಕಿಯ ಬಗ್ಗೆ. ನೀವೂ ಅದನ್ನು ಆಕಾಶದಲ್ಲಿ ನೋಡಿರಲಾರಿರಿ. ಆದರೆ ಬಸ್ಸಿನ ಮೇಲೆ ನೋಡಿದ್ದೀರಿ, ಸರ್ಕಾರಿ ಕಾಗದದ ಮೇಲೆ ನೋಡಿದ್ದೀರಿ, ಮದುವೆ ಮನೆಯಲ್ಲಿ ಯಾರದೋ ರೇಷ್ಮೆ ಸೀರೆಯ ಅಂಚಿನಲ್ಲಂತೂ ಖಂಡಿತ ನೋಡಿದ್ದೀರಿ. ಅದೇ, ನಮ್ಮ ಎರಡು ತಲೆಯ ಗಂಡಭೇರುಂಡ.

ಇದು ಶುರುವಾದದ್ದು 2023ರ ದಸರೆಯ ದಿನ. ಹೈದರಾಬಾದಿನಲ್ಲಿರುವ ನಿಮಗೆ ಇಲ್ಲಿನ ದಸರೆಯ ಪದ್ಧತಿ ಗೊತ್ತೇ ಇದೆ. ಆ ದಿನ ಪಾಲಪಿಟ್ಟ ಹಕ್ಕಿ ಕಣ್ಣಿಗೆ ಬಿದ್ದರೆ ಶುಭ ಎಂದು ನಮ್ಮ ತೆಲುಗು ಬಾಂಧವರು ಬೆಳಗಾಗುತ್ತಲೇ ಊರ ಹೊರಗೆ ಹೊರಡುತ್ತಾರೆ. ಪಾಲಪಿಟ್ಟ ತೆಲಂಗಾಣದ ರಾಜ್ಯಪಕ್ಷಿ. ನಮ್ಮ ಕರ್ನಾಟಕದ ರಾಜ್ಯಪಕ್ಷಿಯೂ ಅದೇ, ನಾವು ನೀಲಕಂಠ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಪಕ್ಕದ ಮನೆಯವರು ನಮ್ಮನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದರು. ನೀಲಕಂಠ ಕಾಣಲಿಲ್ಲ. ಬೇಕಾದಷ್ಟು ಕಾಗೆ ಕಂಡವು.

ಮನೆಗೆ ಬಂದು ನಗೋಯಾದಲ್ಲಿರುವ ಮಗಳಿಗೆ ವಿಡಿಯೋ ಕರೆ ಮಾಡಿ ಈ ಸಂಗತಿ ಹೇಳಿ ನಕ್ಕೆ. ಆರು ವರ್ಷದ ಮೊಮ್ಮಗ ಅಮ್ಮನನ್ನು ಪಕ್ಕಕ್ಕೆ ತಳ್ಳಿ ಫೋನಿನ ಮುಂದೆ ಬಂದು ನಿಂತ. ಮೈಮೇಲೆ ಜಪಾನ್ ಫುಟ್‌ಬಾಲ್ ತಂಡದ ನೀಲಿ ಅಂಗಿ. ಎದೆಯ ಮೇಲಿನ ಲಾಂಛನ ತೋರಿಸಿ, "ಅಜ್ಜೀ, ಕಾಗೆ ಕಂಡರೂ ಒಳ್ಳೆಯದೇ. ನೋಡು, ನಮ್ಮ ಕಾಗೆಗೆ ಮೂರು ಕಾಲು!" ಎಂದ. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಹೌದು, ಕಾಗೆಗೆ ಮೂರು ಕಾಲು, ಮೂರನೆಯದರ ಹಿಡಿತದಲ್ಲಿ ಚೆಂಡು.

ಆ ಕಾಗೆಯ ಹೆಸರು ಯಾತಾಗರಾಸು. ಮಗಳು ವಿವರವಾಗಿ ಹೇಳಿದಳು, ಆಮೇಲೆ ನಾನೂ ಓದಿ ತಿಳಿದುಕೊಂಡೆ. ಜಪಾನಿನ ಮೊದಲ ಚಕ್ರವರ್ತಿ ಎಂದು ಪುರಾಣ ಹೇಳುವ ಜಿಮ್ಮು, ಕುಮಾನೋ ಎಂಬ ಬೆಟ್ಟಗಾಡಿನಲ್ಲಿ ದಾರಿ ತಪ್ಪಿ ಕಂಗಾಲಾದಾಗ ದೇವಲೋಕದಿಂದ ಒಂದು ದೊಡ್ಡ ಕಾಗೆ ಬಂದು ಮುಂದೆ ಮುಂದೆ ಹಾರುತ್ತಾ ಯಾಮಾತೋ ನಾಡಿಗೆ, ಅಂದರೆ ಈಗಿನ ನಾರಾ ಪ್ರದೇಶಕ್ಕೆ, ದಾರಿ ತೋರಿಸಿತಂತೆ. 712ರ 'ಕೋಜಿಕಿ' ಮತ್ತು 720ರ 'ನಿಹೋನ್ ಶೋಕಿ' ಎಂಬ ಎರಡು ಹಳೆಯ ಗ್ರಂಥಗಳಲ್ಲೂ ಈ ಕಥೆ ಇದೆ. ಎರಡನೆಯದರಲ್ಲಿ ಕಾಗೆಯನ್ನು ಕಳಿಸುವವಳು ಸೂರ್ಯದೇವಿ ಅಮತೆರಾಸು. ತಮಾಷೆಯೆಂದರೆ ಆ ಗ್ರಂಥಗಳಲ್ಲಿ ಮೂರು ಕಾಲಿನ ಮಾತೇ ಇಲ್ಲ. ಸೂರ್ಯನೊಳಗೆ ಮೂರು ಕಾಲಿನ ಕಾಗೆ ಇದೆ ಎಂಬ ಚೀನಾದ ಹಳೆಯ ನಂಬಿಕೆ ಆಮೇಲೆ ಇದರ ಜೊತೆ ಸೇರಿಕೊಂಡಿತು. ಕುಮಾನೋದ ಶಿಂಟೋ ದೇವಾಲಯಗಳಲ್ಲಿ ಇಂದಿಗೂ ಈ ಕಾಗೆಗೆ ದೈವದೂತನ ಮರ್ಯಾದೆ. ಆ ಮೂರು ಕಾಲು ಆಕಾಶ, ಭೂಮಿ, ಮನುಷ್ಯ ಎಂದು ಅಲ್ಲಿ ಅರ್ಥ ಹೇಳುತ್ತಾರೆ. ಜಪಾನಿನ ಫುಟ್‌ಬಾಲ್ ಸಂಸ್ಥೆ 1931ರಲ್ಲಿ ಇದನ್ನು ತನ್ನ ಲಾಂಛನ ಮಾಡಿಕೊಂಡಿತು.

ಶ್ರಾದ್ಧದ ದಿನ ಪಿಂಡ ಮುಟ್ಟಲು ಕಾಗೆಯನ್ನು ಕೈಮುಗಿದು ಕರೆದು, ಮರುದಿನ ಬಾಲ್ಕನಿಯ ಹಪ್ಪಳಕ್ಕೆ ಬಾಯಿ ಹಾಕಿದರೆ ಕೋಲು ಹಿಡಿದು ಓಡಿಸುವ ನನಗೆ ಈ ಕಥೆ ಬಹಳ ಹಿಡಿಸಿತು. ಅಷ್ಟರಲ್ಲಿ ಮೊಮ್ಮಗ ಕೇಳಿದ: "ಅಜ್ಜೀ, ನಿಮ್ಮೂರಲ್ಲಿ ಇಂಥ ಹಕ್ಕಿ ಇಲ್ಲವಾ?"

"ಇದೆಯಪ್ಪಾ. ನಮ್ಮದಕ್ಕೆ ಎರಡು ತಲೆ," ಎಂದೆ.

"ಎರಡು ತಲೆ ಯಾಕೆ? ಅದು ಏನು ಮಾಡುತ್ತೆ? ಕಥೆ ಹೇಳು."

ನಾನು ಬಾಯಿ ತೆರೆದೆ. ಕಥೆ ಗೊತ್ತಿತ್ತು. ಆದರೆ ಹೇಳಲಾಗಲಿಲ್ಲ. "ನಾಳೆ ಹೇಳ್ತೀನಿ ಪುಟ್ಟಾ" ಎಂದು ಫೋನ್ ಇಟ್ಟುಬಿಟ್ಟೆ. ಯಾಕೆ ಹೇಳಲಾಗಲಿಲ್ಲ ಎಂಬುದೇ ಈ ಲೇಖನ. ಅದಕ್ಕೆ ಮೊದಲು ಹಕ್ಕಿಯ ವಿಷಯ ನಾಲ್ಕು ಮಾತು ಹೇಳಿಬಿಡುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ನಾನು ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು. ಬೂದಿಯಿಂದ ಎದ್ದು ಬರುವ ಫೀನಿಕ್ಸ್ ಹಕ್ಕಿಯ ಮೇಲೆ ಟಿಪ್ಪಣಿ ಬರೆಯಿರಿ ಎಂದರೆ ಒಂದು ಪುಟ ಬರೆಯುತ್ತಿದ್ದೆ. ಆದರೆ ನನ್ನ ತವರು ಶಿಕಾರಿಪುರ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದೂರದ ಬಳ್ಳಿಗಾವೆಯಲ್ಲಿ ಗಂಡಭೇರುಂಡದ ಕಂಬವಿದೆ ಎಂದು ಗೊತ್ತಿದ್ದರೂ ಹೋಗಿ ನೋಡಿರಲಿಲ್ಲ. ಅಲ್ಲಮಪ್ರಭುವಿನ ಊರು ಎಂದು ಶಾಲೆಯಲ್ಲಿ ಕಲಿತಿದ್ದೆ, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ ನೋಡಿ.

ಮದುವೆಯಾಗಿ 1992ರಲ್ಲಿ ಹೈದರಾಬಾದಿಗೆ ಬಂದ ಮೇಲೆ ಮಾತ್ರ ಆ ಹಕ್ಕಿ ನನಗೆ ಬೇಕಾಯಿತು. ಆಗ ನನಗೆ ತೆಲುಗು ಬಾರದು, ಉರ್ದುವಂತೂ ದೂರದ ಮಾತು. ತರಕಾರಿಯವನ ಹತ್ತಿರ ಕೈಸನ್ನೆಯಲ್ಲಿ ವ್ಯಾಪಾರ. ಊರಿಗೆ ಹೊರಡಲು ಬಸ್ ನಿಲ್ದಾಣಕ್ಕೆ ಹೋದಾಗ, ಸಾಲು ಸಾಲು ಬಸ್ಸುಗಳ ನಡುವೆ ಕರ್ನಾಟಕ ಸಾರಿಗೆಯ ಬಸ್ಸಿನ ಮೇಲೆ ಆ ಎರಡು ತಲೆಯ ಹಕ್ಕಿ ಕಂಡರೆ ತವರಿನವರೇ ಬಂದು ನಿಂತ ಹಾಗಾಗುತ್ತಿತ್ತು. ಇಂದಿಗೂ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ಅದನ್ನೇ. ನಿಮಗೂ ಹಾಗೆ ಆಗುವುದಿಲ್ಲವೇ, ನಿಜ ಹೇಳಿ?

ನಮ್ಮ ಯಜಮಾನರು ತಮಾಷೆ ಮಾಡುತ್ತಾರೆ. "ಹೆಸರಿನಲ್ಲೇ ಗಂಡ ಇದ್ದಾನೆ, ಆದರೂ ಎರಡೂ ತಲೆ ಹೆಂಡತಿಯದೇ ಇರಬೇಕು, ಒಂದು ಬಯ್ಯುವುದಕ್ಕೆ, ಒಂದು ಅಳುವುದಕ್ಕೆ" ಎಂದು. ಹಳೆಗನ್ನಡದಲ್ಲಿ ಗಂಡ ಎಂದರೆ ಶೂರ, ವೀರ. ಮನೆಯಲ್ಲಿ ಕೂತು ಕಾಫಿ ಕೇಳುವವನು ಎಂಬ ಅರ್ಥ ಆಮೇಲೆ ಬಂದದ್ದು ಎಂದು ನಾನೂ ತಿರುಗಿಸಿ ಹೇಳಿದ್ದೇನೆ.

ನಮ್ಮ ಸಂಘದಲ್ಲಿ ಬೀದರ್ ಕಡೆಯ ಗೆಳತಿಯೊಬ್ಬರಿದ್ದಾರೆ. ಅವರ ಹಿರಿಯರು ನಿಜಾಮರ ಕಾಲದಲ್ಲೇ ಈ ಊರಿಗೆ ಬಂದವರು. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ಆದ್ದರಿಂದ ಈ ಊರಿಗೆ ಅವರು ಹೊರಗಿನವರಲ್ಲ, ನಾವು ಮಲೆನಾಡು ಮೈಸೂರು ಕಡೆಯವರೇ ಹೊಸಬರು. ಒಮ್ಮೆ ರಾಜ್ಯೋತ್ಸವದ ದಿನ ವೇದಿಕೆಯ ಹಿಂದೆ ಗಂಡಭೇರುಂಡದ ಚಿತ್ರ ಕಟ್ಟಿದ್ದೆವು. ಅವರು ನೋಡಿ, "ಏನ್ರಿ, ನಿಮ್ಮ ಮೈಸೂರು ಮಹಾರಾಜರ ಹಕ್ಕಿ ತಂದು ನಮ್ಮ ತಲಿ ಮ್ಯಾಲ ಕೂಡಿಸೀರಿ?" ಎಂದರು. ನಗುತ್ತಲೇ ಅಂದರು, ಆದರೆ ನಗುವಿನೊಳಗೆ ಒಂದು ಚುಚ್ಚು ಇತ್ತು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮೊಮ್ಮಗನ ಪ್ರಶ್ನೆಯ ನೆಪದಲ್ಲಿ ಓದತೊಡಗಿದಾಗ ಸಿಕ್ಕಿತು.

ಬಳ್ಳಿಗಾವೆಯ ಭೇರುಂಡೇಶ್ವರ ಕಂಬವನ್ನು ನಿಲ್ಲಿಸಿದ್ದು 1047ರಲ್ಲಿ, ಮೈಸೂರಿನ ಒಡೆಯರು ಹುಟ್ಟುವುದಕ್ಕೆ ಎಷ್ಟೋ ಮೊದಲು. ನಿಲ್ಲಿಸಿದವನು ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ. ಅವನ ಮೇಲಿನ ಚಕ್ರವರ್ತಿ ಯಾರು? ಚಾಲುಕ್ಯರ ಒಂದನೆಯ ಸೋಮೇಶ್ವರ. ಅವನ ರಾಜಧಾನಿ ಯಾವುದು? ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ! ನಮ್ಮ ಮಲೆನಾಡಿನ ಅಂಚಿನ ಹಕ್ಕಿ ಕೂತದ್ದು ಅವರ ಬೀದರಿನ ಚಕ್ರವರ್ತಿಯ ನೆರಳಿನಲ್ಲಿ. ಗೆಳತಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅತ್ತಲಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಹಂಗಂದ್ರ ಒಂದು ತಲಿ ನಮ್ದು ಅನ್ರಿ" ಎಂದರು.

ಹಕ್ಕಿ ಅಲ್ಲಿಗೇ ನಿಲ್ಲಲಿಲ್ಲ. ವಿಜಯನಗರದ ಅಚ್ಯುತರಾಯ (1529-1542) ತನ್ನ ಚಿನ್ನದ ನಾಣ್ಯಗಳ ಮೇಲೆ ಗಂಡಭೇರುಂಡವನ್ನು ಅಚ್ಚು ಹಾಕಿಸಿದ. ಅದರ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳು! ಬೆರಳ ತುದಿಯಷ್ಟು ಚಿನ್ನದಲ್ಲಿ ಆನೆಯನ್ನು ಎತ್ತುವ ಹಕ್ಕಿ. ಕೆಳದಿಯ ರಾಮೇಶ್ವರ ದೇವಾಲಯದ ಚಾವಣಿಯಲ್ಲೂ ಇದೆ, ತಲೆಯೆತ್ತಿ ನೋಡಬೇಕು. ಆಮೇಲೆ ಮೈಸೂರಿನ ಒಡೆಯರ ಲಾಂಛನವಾಯಿತು, ಅಲ್ಲಿಂದ ಕರ್ನಾಟಕ ಸರ್ಕಾರದ ಲಾಂಛನಕ್ಕೆ ಬಂತು. ಈಗ ನಡುವೆ ಗಂಡಭೇರುಂಡ, ಎರಡು ಪಕ್ಕದಲ್ಲಿ ಆನೆಯ ಸೊಂಡಿಲು ಸಿಂಹದ ಮೈಯಿರುವ ಗಜಕೇಸರಿ, ಮೇಲೆ ಅಶೋಕನ ಸಿಂಹಗಳು. ಉಗ್ರ ನರಸಿಂಹನನ್ನು ತಣಿಸಲು ಶಿವ ಶರಭನಾದ, ಶರಭನನ್ನು ಎದುರಿಸಲು ವಿಷ್ಣು ಗಂಡಭೇರುಂಡನಾದ ಎಂದು ವೈಷ್ಣವರು ಕಥೆ ಹೇಳುತ್ತಾರೆ. ಆದರೆ ಕೆಳದಿಯವರು ಶಿವಭಕ್ತರು, ಅವರಿಗೂ ಈ ಹಕ್ಕಿ ಬೇಕಾಯಿತು. ಜಗಳವಾಡುವ ಇಬ್ಬರ ಮನೆಯಲ್ಲೂ ಊಟ ಮಾಡಿ ಬರುವ ನೆಂಟನ ಹಾಗೆ ಇದು.

ಎರಡು ತಲೆಯ ಹಕ್ಕಿ ನಮ್ಮೊಬ್ಬರದೇ ಎಂದೂ ಜಂಬ ಪಡುವಂತಿಲ್ಲ. ಈಗ ಪಾಕಿಸ್ತಾನದಲ್ಲಿರುವ ತಕ್ಷಶಿಲೆಯ ಸಿರ್ಕಪ್‌ನಲ್ಲಿ ಸುಮಾರು 2000 ವರ್ಷ ಹಳೆಯ ಸ್ತೂಪವೊಂದರ ಮೇಲೆ ಎರಡು ತಲೆಯ ಹದ್ದು ಇದೆ. ರಷ್ಯಾದ ಲಾಂಛನದಲ್ಲಿದೆ, ಅಲ್ಬೇನಿಯಾದ ಬಾವುಟದಲ್ಲಿದೆ. ಒಂದು ಕಡೆ ನೋಡಿದರೆ ಸಾಲದು, ಎರಡೂ ಕಡೆ ನೋಡಬೇಕು ಎಂದು ಎಲ್ಲ ಕಡೆಯ ರಾಜರಿಗೂ ಅನಿಸಿರಬೇಕು.

ಇಷ್ಟು ಹಕ್ಕಿಯ ಚರಿತ್ರೆ. ಇನ್ನು ನಮ್ಮ ಮನೆಯ ಚರಿತ್ರೆ.

ಗಂಡಭೇರುಂಡವನ್ನು ನಾನು ಮೊದಲು ನೋಡಿದ್ದು ಬಸ್ಸಿನ ಮೇಲಲ್ಲ, ನಮ್ಮಮ್ಮನ ಕೊರಳಲ್ಲಿ. ಅಮ್ಮನಿಗೆ ಅವರ ಅತ್ತೆಯಿಂದ ಬಂದ ಪದಕ ಅದು. ಹೆಬ್ಬೆರಳಿನಷ್ಟು ಅಗಲ, ಹಕ್ಕಿಯ ಎದೆಯಲ್ಲಿ ಒಂದು ಕೆಂಪು ಹರಳು, ಬಾಲದ ಕೆಳಗೆ ಮೂರು ಮುತ್ತು. ನನ್ನನ್ನು ಒಂದು ತೊಡೆಯ ಮೇಲೆ, ತಂಗಿಯನ್ನು ಇನ್ನೊಂದು ತೊಡೆಯ ಮೇಲೆ ಮಲಗಿಸಿಕೊಂಡಾಗ ಆ ಪದಕ ನಮ್ಮಿಬ್ಬರ ನಡುವೆ ತೂಗಾಡುತ್ತಿತ್ತು. ಈ ಕಡೆಯ ತಲೆ ನನ್ನದು, ಆ ಕಡೆಯದು ತಂಗಿಯದು ಎಂದು ನಾವೇ ಹಂಚಿಕೊಂಡಿದ್ದೆವು.

ಆಗ ಅಮ್ಮ ಹೇಳುತ್ತಿದ್ದ ಕಥೆ ಪಂಚತಂತ್ರದ್ದು. ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಎರಡು ತಲೆ, ಒಂದೇ ಹೊಟ್ಟೆಯ ಭಾರುಂಡ ಪಕ್ಷಿ. ಒಂದು ದಿನ ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. "ನನಗೂ ಒಂದು ಚೂರು ಕೊಡು" ಎಂದು ಇನ್ನೊಂದು ತಲೆ ಕೇಳಿತು. "ಯಾರು ತಿಂದರೇನು, ಹೋಗುವುದು ಒಂದೇ ಹೊಟ್ಟೆಗೆ ತಾನೆ?" ಎಂದು ಮೊದಲನೆಯದು ಪೂರ್ತಿ ತಾನೇ ತಿಂದಿತು. ಎರಡನೆಯ ತಲೆ ಆ ಅವಮಾನವನ್ನು ಮರೆಯಲಿಲ್ಲ. ಮುಂದೊಂದು ದಿನ ಅದಕ್ಕೆ ವಿಷದ ಹಣ್ಣು ಸಿಕ್ಕಿತು. ಬೇಡ ಬೇಡ ಎಂದರೂ ಕೇಳದೆ ಸೇಡಿಗಾಗಿ ತಿಂದಿತು. ಹೊಟ್ಟೆ ಒಂದೇ ಅಲ್ಲವೇ? ಎರಡೂ ಸತ್ತವು.

ಈ ಕಥೆಯನ್ನು ಮೊಮ್ಮಗನಿಗೆ ಹೇಳಲು ನನ್ನ ನಾಲಿಗೆ ಏಳದೇ ಇದ್ದದ್ದು ಇದಕ್ಕೇ: ಆ ಹೊತ್ತಿಗೆ ನಾನೂ ನನ್ನ ತಂಗಿಯೂ ಮಾತು ಬಿಟ್ಟು ಐದು ವರ್ಷವಾಗಿತ್ತು. ಕಾರಣ, ನೀವು ಊಹಿಸಿರುತ್ತೀರಿ, ಅದೇ ಪದಕ.

ಅಮ್ಮ ಹೋದದ್ದು 2018ರಲ್ಲಿ. ಕೊನೆಯ ಆರು ವರ್ಷ ಅವರನ್ನು ನೋಡಿಕೊಂಡವಳು ಶಿಕಾರಿಪುರದಲ್ಲೇ ಇರುವ ತಂಗಿ. ಹಾಸಿಗೆ ಹಿಡಿದ ಕೊನೆಯ ಎರಡು ವರ್ಷ ಸ್ನಾನ, ಊಟ, ರಾತ್ರಿ ಜಾಗರಣೆ ಎಲ್ಲ ಅವಳದೇ. ನಾನು ವರ್ಷಕ್ಕೆರಡು ಸಲ ಹೋಗಿ, ಹಣ್ಣು, ಬಿಸ್ಕತ್ತು, ಒಂದು ಹೊಸ ಸೀರೆ ಕೊಟ್ಟು, ವಾರವಿದ್ದು ಬರುತ್ತಿದ್ದೆ. ಆದರೆ ಪದಕ ಹಿರಿಯ ಮಗಳಿಗೆ ಎಂದು ಅಮ್ಮ ನನ್ನ ಮದುವೆಯ ಕಾಲದಲ್ಲೇ ಹೇಳಿದ್ದರು, ಹತ್ತು ಜನ ಕೇಳಿದ್ದರು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಅದನ್ನು ಕೇಳಿದೆ. "ಅಮ್ಮ ಹೋಗುವ ಮುಂಚೆ ನನ್ನ ಕೈಗೇ ಕೊಟ್ಟಿದ್ದಾರೆ ಅಕ್ಕಾ, ಇದೊಂದು ನನಗಿರಲಿ" ಎಂದಳು ತಂಗಿ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನನ್ನ ಬಾಯಿಂದ ಬಂತು ಆ ಮಾತು: "ಹಾಗಾದರೆ ನೀನು ಸೇವೆ ಮಾಡಿದ್ದು ಚಿನ್ನಕ್ಕಾಗಿಯೋ?"

ಓದುಗರೇ, ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ಆದರೆ ಇದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಅದು ಸುಳ್ಳಾಗುತ್ತದೆ. ಆರು ವರ್ಷ ಅಮ್ಮನ ಮಲಮೂತ್ರ ಬಳಿದವಳಿಗೆ ನಾನು ಹೇಳಿದ ಮಾತು ಅದು. ತಂಗಿ ಉತ್ತರ ಕೊಡಲಿಲ್ಲ. ಪದಕವನ್ನು ತಂದು ನಮ್ಮ ಸೋದರಮಾವನ ಮುಂದಿಟ್ಟು ಒಳಗೆ ಹೋದಳು. ಹಿರಿಯರಾದ ಮಾವ ಯೋಚಿಸಿ ಒಂದು ಏರ್ಪಾಡು ಮಾಡಿದರು. ಪದಕ ಊರಿನ ಬ್ಯಾಂಕಿನ ಲಾಕರಿನಲ್ಲಿ ಇರತಕ್ಕದ್ದು, ಲಾಕರು ಇಬ್ಬರ ಹೆಸರಿನಲ್ಲಿ, ಇಬ್ಬರೂ ಒಟ್ಟಿಗೆ ಬಂದು ಸಹಿ ಹಾಕಿದರೆ ಮಾತ್ರ ತೆರೆಯತಕ್ಕದ್ದು. "ಇದೆಂಥ ನ್ಯಾಯ, ಯಾರಿಗೂ ಸಿಗದ ಹಾಗೆ!" ಎಂದು ನಾವಿಬ್ಬರೂ ಮಾವನನ್ನು ಬೈದುಕೊಂಡೆವು, ಬೇರೆ ಬೇರೆಯಾಗಿ. ಅಲ್ಲಿಂದ ಐದು ವರ್ಷ ಆ ಲಾಕರನ್ನು ಯಾರೂ ತೆರೆಯಲಿಲ್ಲ. ಬಾಡಿಗೆ ಮಾತ್ರ ವರ್ಷ ವರ್ಷ ಅರ್ಧರ್ಧ ಕಟ್ಟುತ್ತಿದ್ದೆವು.

ಮೊಮ್ಮಗ ಬಿಡಲಿಲ್ಲ. ಮರುದಿನ ಕೇಳಿದ, ಅದರ ಮರುದಿನವೂ ಕೇಳಿದ. "ಅಜ್ಜೀ, ಎರಡು ತಲೆ ಹಕ್ಕಿ ಏನಾಯ್ತು?" ನಾಲ್ಕನೆಯ ದಿನ ಮಧ್ಯಾಹ್ನ, ಯಜಮಾನರು ಮಲಗಿದ್ದಾಗ, ನಾನು ಫೋನ್ ತೆಗೆದುಕೊಂಡು ತಂಗಿಯ ನಂಬರು ಒತ್ತಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಅವಳು "ಹಲೋ" ಎಂದಳು. ನಾನು ಹೇಗಿದ್ದೀಯಾ ಎಂದೂ ಕೇಳದೆ, "ಅಮ್ಮ ಹೇಳುತ್ತಿದ್ದ ಭೇರುಂಡದ ಕಥೆಯ ಕೊನೆಯಲ್ಲಿ ಏನಾಗುತ್ತೆ?" ಎಂದುಬಿಟ್ಟೆ.

ಬಹಳ ಹೊತ್ತು ಮೌನ. ಫೋನ್ ಇಟ್ಟಳೇನೋ ಎಂದುಕೊಂಡೆ. ಆಮೇಲೆ ಅವಳ ಧ್ವನಿ: "ಏನಾಗುತ್ತೆ ಅಂದ್ರೆ? ವಿಷದ ಹಣ್ಣು ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಮೊದಲನೇ ತಲೆ, ತಪ್ಪಾಯ್ತು, ಉಗಿದುಬಿಡು ಅನ್ನುತ್ತೆ. ಉಗಿಯುತ್ತೆ. ಬದುಕುತ್ತೆ."

"ಇಲ್ಲವೇ, ಎರಡೂ ಸಾಯುತ್ತವೆ."

"ನಿನಗೆ ಹಾಗೆ ಹೇಳಿರಬೇಕು," ಎಂದಳು ತಂಗಿ. "ನಾನು ಸಣ್ಣವಳು, ಅಳ್ತಿದ್ದೆ. ನನಗೆ ಬದುಕಿಸಿ ಹೇಳ್ತಿದ್ದರು."

ಯೋಚಿಸಿ ನೋಡಿ. ಪಂಚತಂತ್ರದ ಕಥೆಯಲ್ಲಿ ಹಕ್ಕಿ ಸಾಯುತ್ತದೆ. ನಮ್ಮಮ್ಮ ಓದಿದ್ದು ನಾಲ್ಕನೇ ತರಗತಿ. ಹಿರಿಯವಳಿಗೆ ಎಚ್ಚರಿಕೆ ಬೇಕು ಎಂದು ಅವಳಿಗೆ ಇದ್ದ ಕಥೆಯನ್ನೇ ಹೇಳಿದರು. ಕಿರಿಯವಳಿಗೆ ಧೈರ್ಯ ಬೇಕು ಎಂದು ಕಥೆಯನ್ನೇ ತಿದ್ದಿ ಹೇಳಿದರು. ಹಣ್ಣನ್ನು ಹಂಚದೆ ತಿಂದ ತಲೆ ತಾನೇ ಮೊದಲು ತಪ್ಪಾಯ್ತು ಎನ್ನಬೇಕು ಎಂಬ ಭಾಗ ಇದ್ದದ್ದು ತಂಗಿಗೆ ಹೇಳಿದ ಕಥೆಯಲ್ಲಿ ಮಾತ್ರ. ಅದು ನನ್ನ ಕಿವಿಗೆ ಬೀಳಲು ಇಷ್ಟು ವರ್ಷ ಬೇಕಾಯಿತು.

ನಾನು ಆಗಲೇ ಹೇಳಿದೆ. "ತಪ್ಪಾಯ್ತು ಕಣೇ. ಅವತ್ತು ಆ ಮಾತು ಆಡಬಾರದಿತ್ತು."

ಸಿನಿಮಾದಲ್ಲಿ ಆಗುವ ಹಾಗೆ ತಂಗಿ ಅಳಲಿಲ್ಲ, ಅಕ್ಕಾ ಎಂದು ಕರಗಲಿಲ್ಲ. "ಹೂಂ. ಆಡಬಾರದಿತ್ತು," ಎಂದಳು. ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟಳು. ಎರಡು ದಿನ ಬಿಟ್ಟು ಅವಳೇ ಮಾಡಿದಳು.

2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಕಾಚಿಗುಡದಲ್ಲಿ ರೈಲು ಹತ್ತಿ ಬೆಂಗಳೂರಿನ ಮೇಲೆ ಊರಿಗೆ ಹೋದೆ. ಬ್ಯಾಂಕಿಗೆ ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ. "ಬಳ್ಳಿಗಾವೆಗೆ ಹೋಗಿ ಬರೋಣವಾ?" ಎಂದು ತಂಗಿಯೇ ಕೇಳಿದಳು. ಅವಳೂ ನೋಡಿರಲಿಲ್ಲವಂತೆ, ಊರಿನಲ್ಲೇ ಇದ್ದು! ಶಿರಾಳಕೊಪ್ಪದವರೆಗೆ ಬಸ್ಸು, ಅಲ್ಲಿಂದ ಆಟೋ. ಮೊದಲು ಕೇದಾರೇಶ್ವರ ದೇವಾಲಯ ನೋಡಿ ಕೈಮುಗಿದು, ಆಮೇಲೆ ಕಂಬದ ಹತ್ತಿರ ಹೋದೆವು. ಸುಮಾರು 30 ಅಡಿ ಎತ್ತರದ ಕಂಬ. ಭೇರುಂಡೇಶ್ವರನ ಮೈ ಮನುಷ್ಯನದು, ತಲೆ ಮಾತ್ರ ಹಕ್ಕಿಯದು, ಅದೂ ಎರಡು. ನಮ್ಮ ಪದಕದ ಚೆಲುವು ಅದರಲ್ಲಿಲ್ಲ, ಗಾಂಭೀರ್ಯವಿದೆ. ಹತ್ತಿರ ಹತ್ತಿರ ಸಾವಿರ ವರ್ಷ ಆ ಎರಡು ತಲೆ ಒಂದನ್ನೊಂದು ನೋಡದೆ, ಒಂದೇ ಮೈಯಲ್ಲಿ ಇದ್ದುಕೊಂಡು ಬಂದಿವೆ.

ಅಲ್ಲಿ ನಾನು ಓದಿದ ಒಂದು ಸಂಗತಿಯನ್ನು ತಂಗಿಗೆ ಹೇಳಿದೆ. ಈ ಸೀಮೆಯ ಶಾಸನಗಳಲ್ಲಿ 'ಭೇರುಂಡ ಗಳೆ' ಎಂಬ ಅಳತೆಗೋಲಿನ ಹೆಸರು ಬರುತ್ತದೆ. ಗಳೆ ಎಂದರೆ ಹೊಲ ಗದ್ದೆ ಅಳೆಯುವ ಕೋಲು. ಆನೆಯನ್ನೇ ಎತ್ತುವ ಹಕ್ಕಿಯ ಹೆಸರನ್ನು ನಮ್ಮ ಹಿರಿಯರು ಹೊಲ ಅಳೆಯುವ ಕೋಲಿಗೂ ಇಟ್ಟಿದ್ದರು. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮಾವ ಅದನ್ನು ಓದಿರಬೇಕು," ಎಂದಳು. ಇಬ್ಬರೂ ನಕ್ಕೆವು. ಐದು ವರ್ಷದ ಮೇಲೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮರುದಿನ ಬ್ಯಾಂಕಿಗೆ ಹೋದೆವು. ಇಬ್ಬರೂ ಸಹಿ ಹಾಕಿದೆವು. ಪದಕ ಅಮ್ಮನ ಹಳೆಯ ಕರವಸ್ತ್ರದಲ್ಲಿ ಸುತ್ತಿದ ಹಾಗೇ ಇತ್ತು. ಒಂದು ಮುತ್ತು ಸಡಿಲವಾಗಿತ್ತು. ತಂಗಿ ನನ್ನ ಕೊರಳಿಗೆ ಹಿಡಿದು ನೋಡಿದಳು, ನಾನು ಅವಳ ಕೊರಳಿಗೆ ಹಿಡಿದು ನೋಡಿದೆ. ಮೊಮ್ಮಗನಿಗೆ ಕಳಿಸಲು ಫೋಟೋ ತೆಗೆದೆ. "ನೀನು ತೆಗೆದುಕೊಂಡು ಹೋಗು ಅಕ್ಕಾ," ಎಂದಳು. "ಬೇಡ, ನಿನ್ನದು," ಎಂದೆ. ಇಬ್ಬರೂ ಮನಸ್ಸಿನಿಂದಲೇ ಹೇಳಿದ್ದು, ಆದರೂ ಇಬ್ಬರಿಗೂ ಗಂಟಲು ಕಟ್ಟಿತು. ಕೊನೆಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಅಲ್ಲೇ ಇಟ್ಟು ಬೀಗ ಹಾಕಿಸಿದೆವು.

ಯಾಕೆ ಗೊತ್ತೇ? ನಮ್ಮ ಮಾವನ ಏರ್ಪಾಡಿನ ಪ್ರಕಾರ ಅದನ್ನು ನೋಡಬೇಕಾದರೆ ಇಬ್ಬರೂ ಬರಬೇಕು. ಒಬ್ಬಳೇ ಹೋದರೆ ಆಗುವುದಿಲ್ಲ. ಒಬ್ಬಳ ಕೊರಳಿಗೆ ಬಂದರೆ ಇನ್ನೊಬ್ಬಳಿಗೆ ಬರುವ ಕಾರಣ ತಪ್ಪುತ್ತದೆ. ಬೈದುಕೊಂಡಿದ್ದ ಆ ನಿಯಮವೇ ಈಗ ನನಗೆ ವರ್ಷಕ್ಕೊಮ್ಮೆ ತವರಿಗೆ ಹೋಗುವ ನೆಪ. ಮರುವರ್ಷವೂ ಸಂಕ್ರಾಂತಿ ಕಳೆದ ಮೇಲೆ ಹೋಗಿದ್ದೆ, ಸಡಿಲವಾದ ಮುತ್ತನ್ನು ಕಟ್ಟಿಸಿ ಮತ್ತೆ ಅಲ್ಲೇ ಇಟ್ಟು ಬಂದೆವು.

ಮೊಮ್ಮಗನಿಗೆ ಕಥೆ ಹೇಳಿದೆ. ಯಾವ ಕೊನೆ ಹೇಳಿದೆ ಎಂದು ಕೇಳುತ್ತೀರಾ? ಎರಡನ್ನೂ ಹೇಳಿದೆ. ಮೊದಲು ಸತ್ತದ್ದನ್ನು, ಆಮೇಲೆ ಬದುಕಿದ್ದನ್ನು. ಅವನು ಸ್ವಲ್ಪ ಯೋಚಿಸಿ, "ಅಜ್ಜೀ, ನಮ್ಮ ಕಾಗೆ ದಾರಿ ತೋರಿಸಿದ್ದರೆ ಅವು ವಿಷದ ಹಣ್ಣಿನ ಮರಕ್ಕೆ ಹೋಗ್ತಾನೇ ಇರಲಿಲ್ಲ," ಎಂದ. ಅವನ ಮಾತೂ ಸರಿಯೇ. ದಸರೆಯ ಬೆಳಗ್ಗೆ ನೀಲಕಂಠವನ್ನು ಹುಡುಕಿ ಹೋಗಿ ಬರೀ ಕಾಗೆ ಕಂಡೆವೆಂದು ನಾನು ನಕ್ಕಿದ್ದೆನಲ್ಲ, ಆ ಕಾಗೆಯೇ ನನಗೆ ಶಿಕಾರಿಪುರದ ದಾರಿ ತೋರಿಸಿತು.

ಓದುಗರೇ, ಪರಊರಿನಲ್ಲಿ ಕನ್ನಡದ ಹಬ್ಬ ಮಾಡುವ ನಮಗೆಲ್ಲ ಎರಡು ತಲೆ ಇದ್ದದ್ದೇ. ಒಂದು ಇತ್ತ ನೋಡುತ್ತದೆ, ಒಂದು ಅತ್ತ. ಬೀದರಿನವರು, ಶಿಕಾರಿಪುರದವರು, ಅಕ್ಕ, ತಂಗಿ, ಎಲ್ಲರಿಗೂ ಅವರವರ ಕೊಕ್ಕು ಅವರವರದೇ. ಅದು ತಪ್ಪಲ್ಲ. ಈ ಸಲ ರಾಜ್ಯೋತ್ಸವದ ವೇದಿಕೆಯ ಹಿಂದೆ ಆ ಹಕ್ಕಿಯ ಚಿತ್ರ ಕಂಡಾಗ ಅದರ ತಲೆಗಳನ್ನು ಬಿಟ್ಟು ಸ್ವಲ್ಪ ಕೆಳಗೆ, ಹೊಟ್ಟೆಯ ಕಡೆ ನೋಡಿ. ನಿಮ್ಮ ಮನೆಯಲ್ಲೂ ವರ್ಷಗಳಿಂದ ತೆರೆಯದ ಒಂದು ಲಾಕರು ಇದ್ದರೆ, ಅದರ ಇನ್ನೊಂದು ಸಹಿ ಯಾರದು ಎಂದು ನೆನಪು ಮಾಡಿಕೊಳ್ಳಿ. ಫೋನ್ ಮಾಡಲು ಒಳ್ಳೆಯ ದಿನ ಹುಡುಕಬೇಡಿ. ಮಧ್ಯಾಹ್ನ ಮನೆಯವರು ಮಲಗಿದ ಹೊತ್ತು ಸಾಕು.